ಮನೆಗೆ ‘ನೆಟ್‌ವರ್ಕ್ ಬೂಸ್ಟರ್’ ಹಾಕಿಸೋ ಮುಂಚೆ ಇದನ್ನು ಓದಿ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯವರಿಗೆ ಮುಖ್ಯವಾಗಿ ಬರೆಯುತ್ತಿದ್ದೇನೆ. ಕುಮಟಾ, ಅಂಕೋಲಾದಲ್ಲಿ ಘಟ್ಟದ ಬುಡಕ್ಕೆ ಮನೆ ಇರುವವರೂ ಓದಿ. ಮೊಬೈಲಿಗೆ ಸಿಗ್ನಲ್ ತರಿಸಿ ಕೊಡುತ್ತೇವೆ ಅಂತ ಒಂದು ಡಬ್ಬ, ಒಂದು ಆಂಟೆನಾ, ಒಂದಷ್ಟು ವೈರು ಹಿಡಿದುಕೊಂಡು ಜನ ಓಡಾಡುತ್ತಿದ್ದಾರೆ. ಒಂದು ರೂಪಾಯಿ ಕೊಡಬೇಡಿ. ಅಡ್ವಾನ್ಸ್ ಅಂತೂ ಕೊಡಲೇಬೇಡಿ. ನನ್ನ 11,500 ರೂಪಾಯಿ ಹೋಗಿದೆ. ಹಣ ಹೋಗಿದ್ದಕ್ಕಿಂತ ಜಾಸ್ತಿ, ಅಂಗಡಿಯವನು ಕೊನೆಗೆ ಹೇಳಿದ ಮಾತಿಗೆ ಇನ್ನೂ ಮೈ ಉರಿಯುತ್ತಿದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಮನೆ ಇರುವುದು ದೇವಿಮನೆ ಘಟ್ಟದ ಕಡೆ, ತಗ್ಗಿನಲ್ಲಿ. ಕೆಳಗೆ ತೋಟ, ಮೂರು ಕಡೆ ಗುಡ್ಡ. ಇಂಥ ಮನೆಗಳ ಕಥೆ ನಿಮಗೆ ಬಿಡಿಸಿ ಹೇಳೋದೇ ಬೇಡ. ಕೊರೊನಾ ಟೈಮಲ್ಲಿ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಕ್ಲಾಸ್ ಕೇಳಿದ್ದನ್ನು ಎಲ್ಲರೂ ನೋಡಿದ್ದೇವೆ. ಈಗ ಮನೆಗೆ ಫೈಬರ್ ಬಂದಿದೆ, ಇಂಟರ್ನೆಟ್ಟಿಗೆ ತೊಂದರೆ ಇಲ್ಲ. ಮೊಬೈಲ್ ಸಿಗ್ನಲ್ ಮಾತ್ರ ಇಲ್ಲ. ಬ್ಯಾಂಕಿನ ಒಟಿಪಿ ನೋಡಬೇಕಾದರೆ ಕೊಟ್ಟಿಗೆ ಹಿಂದಿನ ಧರೆ ಹತ್ತಬೇಕು. ಇಳಿದು ಮನೆಗೆ ಬರುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತದೆ. ಸಂಪರ್ಕ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2022ರ ಜುಲೈನಲ್ಲಿ. ನಮ್ಮ ಗುಡ್ಡಕ್ಕೆ ಇನ್ನೂ ಯಾವ ಟವರೂ ಬಂದಿಲ್ಲ. ಜನ ಹೀಗೆ ಕಾಯುತ್ತಾ ಕೂತಿರೋದೇ ಇಂಥವರಿಗೆ ಬಂಡವಾಳ.

ಶಿರಸಿಯ ಒಂದು ಮೊಬೈಲ್ ಅಂಗಡಿ. ಹೆಸರು ಬರೆಯಲ್ಲ. ಕೌಂಟರಿನಲ್ಲಿದ್ದವನು ಬಹಳ ನಯವಾಗಿ ಮಾತಾಡಿದ. ಯಾವ ಸಿಮ್ ಅಂತ ಕೇಳಿದ. ನಂದು ಜಿಯೋ, ಅಪ್ಪಂದು ಬಿಎಸ್‌ಎನ್‌ಎಲ್ ಎಂದೆ. “ಎಲ್ಲಾ ಸಿಮ್ಮಿಗೂ ಆಗುತ್ತೆ ಸರ್, 2ಜಿಯಿಂದ 5ಜಿ ತನಕ.” ಡಬ್ಬದ ಮೇಲೂ ಹಾಗೇ ಬರೆದಿತ್ತು, ದೊಡ್ಡ ಬಣ್ಣದ ಸ್ಟಿಕರ್. “ಟವರ್ ಕಾಯ್ತಾ ಕೂತ್ರೆ ಮೊಮ್ಮಕ್ಕಳ ಕಾಲಕ್ಕೆ ಬರುತ್ತೆ” ಅಂತ ನಕ್ಕ. ನಾನೂ ನಕ್ಕೆ. ಬಿಲ್ ಕೇಳಿದ್ದಕ್ಕೆ ಒಂದು ಎಸ್ಟಿಮೇಟ್ ಚೀಟಿ ಹರಿದು ಕೊಟ್ಟ. ಅದರಲ್ಲಿ ಬೂಸ್ಟರ್ ಅನ್ನೋ ಮಾತೇ ಇಲ್ಲ. ‘ಎಲೆಕ್ಟ್ರಿಕಲ್ ಐಟಂ’ ಅಂತ ಬರೆದಿದೆ, ಅಷ್ಟೇ. ಜಿಎಸ್‌ಟಿ ಬಿಲ್ ಬೇಕಾದರೆ ರೇಟು ಜಾಸ್ತಿ ಆಗುತ್ತದಂತೆ. ನಮ್ಮ ಕಡೆ ಅರ್ಧಕ್ಕರ್ಧ ವ್ಯಾಪಾರ ಹೀಗೇ ನಡೆಯುತ್ತದೆ, ಅಲ್ವಾ?

ಇಬ್ಬರು ಹುಡುಗರು ಬಂದು ಫಿಟ್ ಮಾಡಿದರು. ಮಾಡಿನ ಮೇಲೆ ಮೀನಿನ ಮುಳ್ಳಿನ ಥರದ ಆಂಟೆನಾ, ಅಲ್ಲಿಂದ ಅಟ್ಟಕ್ಕೆ ವೈರು, ಅಟ್ಟದಲ್ಲಿ ಡಬ್ಬ, ಜಗಲಿಯಲ್ಲಿ ಇನ್ನೊಂದು ಸಣ್ಣ ಆಂಟೆನಾ. ಆಮೇಲೆ ಒಬ್ಬ ಕೇಳಿದ, “ಮನೇಲಿ ಕೀಪ್ಯಾಡ್ ಫೋನ್ ಯಾರ್ದಾದ್ರೂ ಇದ್ಯಾ?”

ಈ ಪ್ರಶ್ನೆ ನೆನಪಿಟ್ಟುಕೊಳ್ಳಿ. ನಿಮ್ಮ ಮನೆಯಲ್ಲೂ ಕೇಳುತ್ತಾರೆ.

ಅಪ್ಪನ ಹಳೇ ಕೀಪ್ಯಾಡ್ ಫೋನು ಕೊಟ್ಟೆವು. ಒಂದು ಕಡ್ಡಿ ಇದ್ದಿದ್ದು ನಾಲ್ಕು ಕಡ್ಡಿ ಆಯಿತು. ಅಲ್ಲೇ ನಿಂತು ಶಿರಸಿಗೆ ಕಾಲ್ ಹಚ್ಚಿದ. ಅಮ್ಮ ಒಳಗಿಂದ ಓಡಿಬಂದರು. ಅಪ್ಪ ತಂಗಿಗೆ ಫೋನ್ ಮಾಡಿ “ಜಗಲಿ ಮೇಲೆ ಕೂತು ಮಾತಾಡ್ತಾ ಇದ್ದೇನೆ ನೋಡು” ಎಂದರು. ನನ್ನ ಫೋನ್ ತೆಗೆದು ನೋಡಿದೆ. ಒಂದೂ ಕಡ್ಡಿ ಇಲ್ಲ. “ಸ್ಮಾರ್ಟ್‌ಫೋನಿಗೆ ಸಿಮ್ ರಿಫ್ರೆಶ್ ಆಗ್ಬೇಕು ಸರ್. ನಾಳೆ ಬೆಳಿಗ್ಗೆ ತನಕ ಟೈಮ್ ತಗೊಳ್ಳುತ್ತೆ.” ಬಾಕಿ ದುಡ್ಡು ಎಣಿಸಿ ಕೊಟ್ಟೆವು. ಮೇಲಿಂದ ಮಜ್ಜಿಗೆ, ಒಂದು ಬಾಳೆಗೊನೆ ಬೇರೆ. ಬಾಳೆಗೊನೆ ಕೊಟ್ಟಿದ್ದೇ ಈಗ ಹೊಟ್ಟೆ ಉರಿಸುತ್ತಿದೆ.

ಬೆಳಿಗ್ಗೆ ಏನೂ ಆಗಲಿಲ್ಲ. ಮರುದಿನವೂ ಇಲ್ಲ. ಮೆಸೇಜ್ ಹಾಕಿದೆ. ಉತ್ತರಗಳು ಹೇಗೆ ಬಂದವು ಅಂತ ಹಾಗೇ ಬರೆಯುತ್ತೇನೆ, ನಿಮಗೂ ಇವೇ ಬರುತ್ತವೆ.

“ಸರ್ ಫೋನ್ ಆಫ್ ಮಾಡಿ ಆನ್ ಮಾಡಿ.”

“ಸರ್ ಆಂಟೆನಾ ಟವರ್ ಕಡೆ ತಿರುಗಿಸಿ.” ಯಾವ ಟವರ್ ಅಂತ ಕೇಳಿದರೆ, “ಹತ್ರ ಇರೋದು ಸರ್.” ಹತ್ತಿರ ಟವರ್ ಇದ್ದಿದ್ದರೆ ನಿನ್ನ ಡಬ್ಬ ಯಾಕೆ ಬೇಕಿತ್ತು ಮಾರಾಯ!

“ಸರ್ ಮಳೆ. ಮಳೇಲಿ ಸಿಗ್ನಲ್ ನೆನೆಯುತ್ತೆ.” ಇದನ್ನು ಮೆಸೇಜಲ್ಲಿ ಬರೆದು ಕಳಿಸಿದ್ದಾನೆ. ಸಿಗ್ನಲ್ ನೆನೆಯುತ್ತದಂತೆ.

“ಸರ್ ಇನ್ನೊಂದು ಪೀಸ್ ಸೇರಿಸಿದ್ರೆ 4ಜಿ ಪಕ್ಕಾ. ನಿಮಗೆ ಅಂತ ಕಮ್ಮಿ ಮಾಡ್ತೀನಿ.”

ಆಮೇಲೆ ಬರೀ ನೀಲಿ ಟಿಕ್.

ನಿಜ ಏನು ಅಂತ ಗೊತ್ತಾಗಿದ್ದು ಮಳೆಯ ಥಂಡಿಗೆ ಆ ಬಣ್ಣದ ಸ್ಟಿಕರ್ ತಾನಾಗೇ ಏಳೋಕೆ ಶುರುವಾದಾಗ. ಎಳೆದೆ. ಕೆಳಗೆ ಕಂಪನಿಯ ಮೂಲ ಅಚ್ಚು ಇತ್ತು: ಜಿಎಸ್‌ಎಂ 900. ಅಟ್ಟದಲ್ಲಿ ಟಾರ್ಚ್ ಹಿಡಿದುಕೊಂಡು ಎಷ್ಟು ಹೊತ್ತು ಅದನ್ನೇ ನೋಡುತ್ತಾ ಕೂತೆನೋ. ಕೆಳಗಿಂದ ಅಪ್ಪ ಎಂತದು ಅಂತ ಕೇಳುತ್ತಾ ಇದ್ದರು, ನನಗೆ ಬಾಯಿ ಬರಲಿಲ್ಲ.

ಅರ್ಥ ಆಗದವರಿಗೆ ಹೇಳುತ್ತೇನೆ. ಒಂದೊಂದು ಕಂಪನಿಯ ಸಿಗ್ನಲ್ ಬೇರೆ ಬೇರೆ ಬ್ಯಾಂಡುಗಳಲ್ಲಿ, ಅಂದರೆ ಬೇರೆ ಬೇರೆ ರೇಡಿಯೊ ಅಲೆಗಳಲ್ಲಿ, ಬರುತ್ತದೆ. ಆ ಡಬ್ಬ ದೊಡ್ಡದು ಮಾಡುವುದು 900 ಮೆಗಾಹರ್ಟ್ಸ್ ಬ್ಯಾಂಡನ್ನು ಮಾತ್ರ. ಅಪ್ಪನ 2ಜಿ ಫೋನು ಓಡುವುದು ಅದರಲ್ಲೇ. ಜಿಯೋಗೆ 2ಜಿ ಅನ್ನೋದೇ ಇಲ್ಲ, 2016ರಲ್ಲಿ ಶುರುವಾಗಿದ್ದೇ 4ಜಿಯಿಂದ. ಅದರ 4ಜಿ ಬರುವುದು 850, 1800, 2300ರಲ್ಲಿ. ಅಂದರೆ ನನ್ನ ಫೋನಿಗೆ ಆ ಡಬ್ಬ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ರಾತ್ರಿ ಇಡೀ ಸಿಮ್ ರಿಫ್ರೆಶ್ ಆದರೂ ಅಷ್ಟೇ. ಇದು ಆ ಹುಡುಗರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವರು ಕೀಪ್ಯಾಡ್ ಫೋನ್ ಯಾಕೆ ಕೇಳುತ್ತಾರೆ? ಇನ್ನೊಂದು, ಬ್ಯಾಂಡ್ ಸರಿ ಇದ್ದರೂ ಮಾಡಿನ ಮೇಲೆ ಸ್ವಲ್ಪವಾದರೂ ಸಿಗ್ನಲ್ ಇರಬೇಕು. ಬಾವಿಯಲ್ಲಿ ನೀರೇ ಇಲ್ಲದಿದ್ದರೆ ಪಂಪು ಎಷ್ಟು ಎಚ್‌ಪಿದಾದರೇನು.

ಅಷ್ಟಕ್ಕೇ ಮುಗಿಯಲಿಲ್ಲ. ಗುಡ್ಡದ ಆಚೆ ಮನೆಗಳವರಿಗೆ ಕಾಲ್ ಕಟ್ ಆಗೋಕೆ ಶುರುವಾಗಿತ್ತು. ಅವರು ದೂರು ಕೊಟ್ಟು, ಟವರ್ ಕಡೆಯವರು ಕೈಯಲ್ಲಿ ಒಂದು ಮಿಷನ್ ಹಿಡಿದು ಹುಡುಕುತ್ತಾ ಸೀದಾ ನಮ್ಮ ಅಂಗಳಕ್ಕೇ ಬಂದರು. ಊರಿನ ನಾಲ್ಕು ಜನ ಅವರ ಹಿಂದೆ. ನಾಚಿಕೆ ಅಂದರೆ ನಾಚಿಕೆ. ಬಂದವರು ಪಾಪ ಸಮಾಧಾನದಲ್ಲೇ ಹೇಳಿದರು. ಇಂಥ ಡಬ್ಬಗಳು ಟವರಿಗೆ ಬರೀ ಗದ್ದಲ ಕಳಿಸುತ್ತವೆ, ಆ ಗದ್ದಲದಲ್ಲಿ ಬೇರೆಯವರ ಫೋನಿನ ಸಿಗ್ನಲ್ ಟವರಿಗೆ ಕೇಳುವುದಿಲ್ಲ, ಈಗಲೇ ಬಂದ್ ಮಾಡಿ, ಇಲ್ಲಾಂದರೆ ಮೇಲಕ್ಕೆ ಬರೆಯಬೇಕಾಗುತ್ತದೆ ಅಂತ. ಲೈಸೆನ್ಸ್ ಇರುವ ಮೊಬೈಲ್ ಕಂಪನಿಗಳನ್ನು ಬಿಟ್ಟು ಬೇರೆ ಯಾರೂ ಇದನ್ನು ಹಾಕುವ ಹಾಗಿಲ್ಲ ಅಂತ ಗೊತ್ತಾಗಿದ್ದು ಆವತ್ತೇ. ಈಗ ಊಟದ ಪಂಕ್ತಿಯಲ್ಲಿ ಕೂತರೆ ಸಾಕು, “ನಿಮ್ಮನೇಲಿ ಕಾರವಾರ ಆಕಾಶವಾಣಿ ಬರುತ್ತಾ?” ಅಂತ ಯಾರೋ ಒಬ್ಬರು ಶುರು ಮಾಡುತ್ತಾರೆ. ಅಪ್ಪ ಮದುವೆ ಮನೆಗೆ ಹೋಗೋದೇ ಕಮ್ಮಿ ಮಾಡಿದ್ದಾರೆ.

ಡಬ್ಬ, ವೈರು, ಆಂಟೆನಾ ಎಲ್ಲ ಗೋಣಿಚೀಲಕ್ಕೆ ತುಂಬಿ ಅಂಗಡಿಗೆ ಒಯ್ದೆ. ಅದೇ ಮನುಷ್ಯ. ಅದೇ ನಗು. ಸ್ಟಿಕರ್ ತೋರಿಸಿದೆ. “ಅದು ಕಂಪನಿಯಿಂದಲೇ ಹಾಗೆ ಬರೋದು ಸರ್.” ದುಡ್ಡು ವಾಪಸ್ ಕೊಡು ಎಂದೆ. “ಫಿಟ್ ಮಾಡಿದ ಐಟಂ ರಿಟರ್ನ್ ಇಲ್ಲ.” ಕಂಪ್ಲೇಂಟ್ ಕೊಡುತ್ತೇನೆ ಎಂದೆ. ಆಗ ದನಿ ಬದಲಾಯಿತು.

“ಕೊಡಿ ಸರ್. ಇದನ್ನ ಮನೇಲಿ ಇಟ್ಕೊಳ್ಳೋದೇ ಕೇಸ್ ಆಗುತ್ತೆ, ಗೊತ್ತಲ್ವಾ? ಮೊದಲು ನಿಮ್ಮನೆಗೇ ಬರ್ತಾರೆ. ನಾವು ಡಬ್ಬ ಕೊಟ್ಟಿದ್ದು, ಆನ್ ಮಾಡಿದ್ದು ನೀವು.”

ನೋಡಿ, ಮಾರುವಾಗ ಕಾನೂನಿನ ಮಾತೇ ಇಲ್ಲ. ದುಡ್ಡು ವಾಪಸ್ ಕೇಳಿದ ಕೂಡಲೇ ಅವನೇ ವಕೀಲ! ಆ ಕ್ಷಣ ನನಗೆ ಏನೂ ಹೇಳೋಕೆ ಆಗಲಿಲ್ಲ. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳು ನನ್ನನ್ನೇ ನೋಡುತ್ತಿದ್ದರು, ಕಳ್ಳ ನಾನೇ ಅನ್ನೋ ಹಾಗೆ. ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಹೇಳಬೇಕಾಗಿದ್ದೆಲ್ಲ ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಈಗ ಇಲ್ಲಿ ಹೇಳುತ್ತೇನೆ. ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳಬಾರದು ಅನ್ನುವ ಕಾನೂನು 1933ರಿಂದ ಇದೆ, ಅದು ನಿಜ. ಆದರೆ 2022ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ಕೊಟ್ಟ ಪ್ರಕಟಣೆಯಲ್ಲಿ ಇಟ್ಟುಕೊಳ್ಳುವುದು, ಬಳಸುವುದರ ಜೊತೆಗೆ ಮಾರುವುದೂ ಕಾನೂನುಬಾಹಿರ ಅಂತಲೇ ಇದೆ. ಅವನು ನನಗೆ ಅರ್ಧ ಮಾತ್ರ ಹೇಳಿದ. ಹೆದರಿಸಿದರೆ ಸುಮ್ನೆ ಹೋಗುತ್ತಾರೆ ಅಂತ ಅವನಿಗೆ ಗೊತ್ತು. ಎಷ್ಟೋ ಮನೆಯವರು ಹೀಗೇ ಸುಮ್ಮನಾಗಿರುತ್ತಾರೆ, ಅದಕ್ಕೇ ಈ ಧೈರ್ಯ.

ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಆಮೇಲೆ. ಬೆಂಗಳೂರಿಂದ ಬಂದ ಅತ್ತೆ ಮಗ ನನ್ನ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ‘ವೈಫೈ ಕಾಲಿಂಗ್’ ಅಂತ ಒಂದು ಬಟನ್ ಒತ್ತಿದ. ಅಷ್ಟೇ. ಮನೆಯ ಫೈಬರ್ ಮೇಲೇ ಕಾಲ್ ಬರುತ್ತಿದೆ, ಹೋಗುತ್ತಿದೆ, ಒಟಿಪಿಯೂ ಬರುತ್ತಿದೆ. ಒಂದು ಪೈಸೆ ಖರ್ಚಿಲ್ಲ. ಫಿಟ್ ಮಾಡಲು ಬಂದ ಹುಡುಗರು ಕೂತಿದ್ದು ಆ ವೈಫೈ ಡಬ್ಬದ ಪಕ್ಕದಲ್ಲೇ! ಪಾಸ್‌ವರ್ಡ್ ಕೇಳಿ ತಮ್ಮ ಫೋನಿಗೆ ಹಾಕಿಕೊಂಡಿದ್ದರು ಕೂಡ. ಒಬ್ಬನೂ ಬಾಯಿ ಬಿಡಲಿಲ್ಲ.

ಹಾಗಾಗಿ ಮನೆಗೆ ಫೈಬರ್ ಇದ್ದರೆ ಮೊದಲು ಆ ಬಟನ್ ನೋಡಿ. ಎಲ್ಲ ಫೋನಲ್ಲೂ ಇರಲ್ಲ, ಕೀಪ್ಯಾಡಿನಲ್ಲಿ ಹುಡುಕಬೇಡಿ. ಕರೆಂಟು ಹೋದರೆ ವೈಫೈ ಹೋಗುತ್ತದೆ, ಅದಕ್ಕೆ ಸಣ್ಣ ಯುಪಿಎಸ್ ಸಿಗುತ್ತದೆ. ಈಗಾಗಲೇ ಬೂಸ್ಟರ್ ಹಾಕಿಸಿದವರು ಆಫ್ ಮಾಡಿ, ಚೀಟಿ, ಮೆಸೇಜು ಎಲ್ಲ ಜೋಪಾನ ಮಾಡಿ. ನಾನು 1915ಕ್ಕೆ, ಅದೇ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಚೀಟಿಯಲ್ಲಿ ‘ಎಲೆಕ್ಟ್ರಿಕಲ್ ಐಟಂ’ ಅಂತ ಇರೋದರಿಂದ ಏನಾಗುತ್ತದೋ ನೋಡಬೇಕು.

ಅದೇ ಹುಡುಗರು ಈಗ ಸಿದ್ದಾಪುರ ಕಡೆ ಓಡಾಡುತ್ತಿದ್ದಾರೆ ಅಂತ ಪರಿಚಯದವರು ಹೇಳಿದರು. ಬಿಳಿ ಡಬ್ಬ, ಮೇಲೆ 2ಜಿ 3ಜಿ 4ಜಿ 5ಜಿ ಅಂತ ಬಣ್ಣದ ಸ್ಟಿಕರ್. ಬಂದರೆ ಉಗುರಲ್ಲಿ ಸ್ಟಿಕರಿನ ಮೂಲೆ ಎಬ್ಬಿಸಿ ನೋಡಿ, ಅವರ ಎದುರಿಗೇ.