ಸಿಗಾರೋ ಬರ್ಬನ್ನೋ: ಕಾಸರಗೋಡಿನ ಮಳೆಗಾಲ ಕೊಟ್ಟ ತೀರ್ಪು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬರ್ಬನಿಗೆ, ಅಂದರೆ ಅಮೆರಿಕದ ಆ ವಿಸ್ಕಿಗೆ. ಸಿಗಾರಿನ ರುಚಿ ಕಡಿಮೆ ಎಂದಲ್ಲ. ಒಳ್ಳೆಯ ಸಿಗಾರಿನ ಮೊದಲ ಹತ್ತು ನಿಮಿಷಕ್ಕೆ ಯಾವ ಬಾಟಲಿಯೂ ಸಾಟಿಯಲ್ಲ. ಆದರೆ ಬದಿಯಡ್ಕದ ಕಡೆ, ಅಡಿಕೆ ತೋಟದ ನಡುವಿನ ಹೆಂಚಿನ ಮನೆಯಲ್ಲಿ ಸಿಗಾರನ್ನು ಸೇದುವುದಕ್ಕಿಂತ ಹೆಚ್ಚು ಸಾಕಬೇಕಾಗುತ್ತದೆ. ಅಷ್ಟು ಪುರುಸೊತ್ತು ನನಗಿಲ್ಲ.

ಎರಡೂ ಬಂದದ್ದು ದುಬೈಯಲ್ಲಿರುವ ಭಾವನ ಪೆಟ್ಟಿಗೆಯಲ್ಲಿ, ದುಡ್ಡು ನನ್ನದು. ಕಸ್ಟಮ್ಸ್ ಲೆಕ್ಕದಲ್ಲಿ ಒಬ್ಬರಿಗೆ 2 ಲೀಟರ್ ಮದ್ಯ, 25 ಸಿಗಾರ್ ಸುಂಕವಿಲ್ಲದೆ ತರಬಹುದು. ಭಾವ ಎರಡನ್ನೂ ಭರ್ತಿ ಮಾಡಿಕೊಂಡೇ ಕಣ್ಣೂರಿನಲ್ಲಿ ಇಳಿದರು. ಮಂಗಳೂರಿನ ಅಂಗಡಿಗಳಲ್ಲೂ ಬರ್ಬನ್ ಉಂಟು. ಆದರೆ ಅಲ್ಲಿಯ ಬಾಟಲಿ ತಲಪಾಡಿ ದಾಟುವಂತಿಲ್ಲ, ಮಂಜೇಶ್ವರದಲ್ಲಿ ಅಬಕಾರಿಯವರು ಕಾದಿರುತ್ತಾರೆ. ಕನ್ನಡ ಪೇಪರು ದಿನಾ ಬೆಳಗ್ಗೆ ಗಡಿ ದಾಟಿ ಬರುತ್ತದೆ, ಬಾಟಲಿಗೆ ಆ ಭಾಗ್ಯವಿಲ್ಲ. ಗಡಿಯ ಈಚೆ, ಕೇರಳ ಸರ್ಕಾರದ ಮದ್ಯದಂಗಡಿ ಬೆವ್ಕೊದಲ್ಲಿ ಕೊಳ್ಳೋಣವೆಂದರೆ ಕೇರಳದ ತೆರಿಗೆ ನೋಡಿಯೇ ಅರ್ಧ ನಶೆ ಇಳಿಯುತ್ತದೆ.

ರುಚಿಯ ಮಾತಿಗೆ ಬರೋಣ. ಸಿಗಾರುಗಳಲ್ಲಿ ನನಗೆ ಹಿಡಿಸಿದ್ದು ಎರಡು. ಒಂದು ಕ್ಯೂಬಾದ ಮಾಂಟೆಕ್ರಿಸ್ಟೊ ನಂಬರ್ 4: ಐದು ಇಂಚಿಗಿಂತ ತುಸು ಉದ್ದ, ತೆಳ್ಳಗೆ. ಹಚ್ಚಿದೊಡನೆ ಹುರಿದ ಕಾಫಿಬೀಜದ ಪರಿಮಳ, ಹಿಂದೆಯೇ ಮರದ ಘಮ, ಕೊನೆಗೆ ಕಾಳುಮೆಣಸಿನ ಚುರುಕು. ಇನ್ನೊಂದು ನಿಕರಾಗುವಾದ ಒಂದು ಮಡೂರೋ. ಅದರ ಹೊರಗೆ ಸುತ್ತುವ ಎಲೆಯನ್ನು ಹೆಚ್ಚು ಕಾಲ ಹುದುಗಿಸಿ ಕಪ್ಪಾಗಿಸುತ್ತಾರೆ, ಅದಕ್ಕೇ ಕೋಕೋದಂಥ ಕಹಿ-ಸಿಹಿ. ಹೊಗೆಯನ್ನು ಒಳಗೆ ಎಳೆಯಬಾರದು, ಬಾಯಲ್ಲಿ ಆಡಿಸಿ ಬಿಡಬೇಕು. ಹಾಗೆಂದು ನಿಕೋಟಿನ್ ಬಿಡುವುದಿಲ್ಲ. ಸಿಗಾರಿನ ಹೊಗೆ ಕ್ಷಾರೀಯವಾದ್ದರಿಂದ ಬಾಯಿಯ ಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಖಾಲಿ ಹೊಟ್ಟೆಯಲ್ಲಿ ಸೇದಿದರೆ ತಲೆ ತಿರುಗಿ ಬೆವರು ಕಿತ್ತುಕೊಳ್ಳುತ್ತದೆ. ಬೆಲ್ಲದ ಒಂದು ತುಂಡು ಹತ್ತಿರ ಇದ್ದರೆ ಒಳ್ಳೆಯದು.

ನೆರೆಮನೆಯಲ್ಲಿ ವರ್ಷಗಟ್ಟಲೆ ಬೀಡಿ ಕಟ್ಟಿದ ಅಕ್ಕ ಒಬ್ಬರಿದ್ದಾರೆ. ಸಿಗಾರನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ನೂಲು ಎಲ್ಲುಂಟು?" ಎಂದು ಕೇಳಿದರು. ನೂಲಿಲ್ಲ, ತುದಿಯನ್ನು ಗಿಡದ ಅಂಟಿನಿಂದ ಮುಚ್ಚುತ್ತಾರೆ, ಸೇದುವಾಗ ಅಲ್ಲಿಯೇ ಕತ್ತರಿಸಬೇಕು ಎಂದೆ. ಬೆಲೆ ಹೇಳಿದ ಮೇಲೆ ಅವರು ಮತ್ತೆ ಮುಟ್ಟಲಿಲ್ಲ. ಪಳ್ಳಿಕ್ಕರೆಯ ಮರಳು ನೆಲದಲ್ಲಿ ಹೊಗೆಸೊಪ್ಪು ಬೆಳೆದ ಜಿಲ್ಲೆ ನಮ್ಮದು. ಆದರೆ ಆ ಸೊಪ್ಪು ಹೋಗುವುದು ವೀಳ್ಯದೆಲೆಯೊಳಗೆ.

ಇನ್ನು ಗೋಳು. ಸಿಗಾರಿಗೆ ಬೇಕಾದದ್ದು ಶೇಕಡಾ 65ರಿಂದ 70ರಷ್ಟು ತೇವದ ಗಾಳಿ. ಅದಕ್ಕಿಂತ ಒಣಗಿದರೆ ಹೊರ ಎಲೆ ಬಿರಿಯುತ್ತದೆ, ಹೊಗೆ ಗಂಟಲು ಕೆರೆಯುತ್ತದೆ. ಹೆಚ್ಚು ಹಸಿಯಾದರೆ ಉಸಿರುಗಟ್ಟಿದಂತೆ ಎಳೆಯಬೇಕು, ಒಂದು ಪಕ್ಕ ಮಾತ್ರ ಉರಿಯುತ್ತದೆ, ಪದೇ ಪದೇ ನಂದುತ್ತದೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ನಮ್ಮಲ್ಲಿ ಗಾಳಿಯ ತೇವ 90 ದಾಟುವುದು ಮಾಮೂಲು. ಅಡಿಕೆಗೆ ಕೊಳೆರೋಗ ತಗಲುವುದೂ, ಚಪ್ಪಲಿಗೆ ಬೂಸ್ಟು ಬರುವುದೂ ಅದೇ ಹವೆಯಲ್ಲಿ. ನಮ್ಮ ಮನೆಗಳಿಗೆ ವಸ್ತುವನ್ನು ಒಣಗಿಸಿ ಕಾಪಾಡುವ ವಿದ್ಯೆ ಚೆನ್ನಾಗಿ ಗೊತ್ತು. ಹಲಸಿನ ಹಪ್ಪಳಕ್ಕೆ ಬಿಗಿ ಮುಚ್ಚಳದ ಡಬ್ಬಿ, ಮೆಣಸಿಗೆ ಒಲೆಯ ಮೇಲಿನ ಅಟ್ಟ. ಪೂರ್ತಿ ಒಣಗಲೂಬಾರದು, ಹಸಿಯಾಗಲೂಬಾರದು ಎಂಬ ವಸ್ತುವನ್ನು ತಿಂಗಳುಗಟ್ಟಲೆ ಇಡುವ ಸಂದರ್ಭ ಅಜ್ಜಿಯ ಕಾಲದಿಂದಲೂ ಬಂದಿಲ್ಲ.

ಮರದ ಪೆಟ್ಟಿಗೆ ಕಪಾಟಿನಲ್ಲಿತ್ತು. ಮಳೆ ಹಿಡಿದ ಮೇಲೆ ತೆರೆದರೆ ಸಿಗಾರುಗಳ ಮೈಮೇಲೆ ಬಿಳಿ ಹುಡಿ. ಹಳಬರು ಇದನ್ನು ಪ್ಲೂಮ್ ಎನ್ನುವುದುಂಟು, ಎಲೆಯ ಎಣ್ಣೆ ಹರಳುಗಟ್ಟಿದ್ದು, ಒಳ್ಳೆಯ ಲಕ್ಷಣ ಎಂದು. ನನ್ನದರಲ್ಲಿ ಹುಡಿಯ ನಡುವೆ ಹಸಿರು ಚುಕ್ಕೆಗಳೂ ಇದ್ದವು. ಹಸಿರು ಎಂದರೆ ಬೂಸ್ಟೇ. ಮೈಮೇಲಿನದನ್ನು ಒರೆಸಿಬಿಡಬಹುದು, ಹಚ್ಚುವ ತುದಿಯಲ್ಲಿ ಒಳಗೆ ಇಳಿದಿದ್ದರೆ ಎಸೆಯುವುದೇ ಸರಿ. ನಾಲ್ಕೈದು ತೋಟದ ಗೊಬ್ಬರ ಸೇರಿದವು.

ಉಳಿದವಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವವನ್ನು ಬೇಕಾದಾಗ ಹೀರಿ ಬೇಕಾದಾಗ ಬಿಡುವ ಪೊಟ್ಟಣ. ಇದು ಕೆಲಸ ಮಾಡಿತು, ಮೀಟರಿನ ಮುಳ್ಳು 68ರಲ್ಲಿ ನಿಂತಿತು. ಆಮೇಲೆ ಮಳೆ ಬಿಟ್ಟು ಸೆಕೆ ಶುರುವಾಯಿತು. ತಂಬಾಕಿನ ಹುಳವೊಂದುಂಟು, ಅದರ ಮೊಟ್ಟೆ ಎಲೆಯಲ್ಲೇ ಇರುತ್ತದೆ, 25 ಡಿಗ್ರಿ ಮೀರಿದರೆ ಒಡೆದು ಮರಿಯಾಗುವ ಸಂಭವ ಹೆಚ್ಚು. ನಮ್ಮ ಮನೆಯಲ್ಲಿ ಬೆಳಗಿನ ಜಾವಕ್ಕೂ ಅಷ್ಟು ಬಿಸಿ ಇರುತ್ತದೆ. ಒಂದು ದಿನ ಮಡೂರೋದಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಂಡವು. ಫ್ರೀಜರಿನಲ್ಲಿ ಕೆಲವು ದಿನ ಇಟ್ಟರೆ ಹುಳ ಸಾಯುತ್ತದೆ, ಆದರೆ ಹೊಗೆಸೊಪ್ಪು ಅಕ್ಕಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುವ ಜಾತಿ, ನಮ್ಮ ಫ್ರೀಜರಿನಲ್ಲಿ ಬಂಗುಡೆ. ಮನೆಯವಳು ಡಬ್ಬಿ ತಂದು ಜಗಲಿಯಲ್ಲಿಟ್ಟು, "ನಿಮ್ಮ ಈ ಮಕ್ಕಳನ್ನು ಬೇರೆ ಕಡೆ ಮಲಗಿಸಿ" ಎಂದಳು. ಎ.ಸಿ. ಕೋಣೆ ಇರುವವರು ಈ ಎರಡು ಪ್ಯಾರಾ ಬಿಟ್ಟು ಓದಬಹುದು.

ಬರ್ಬನ್ನಿನದ್ದು ಇಂಥ ಯಾವ ರಗಳೆಯೂ ಇಲ್ಲ. ಅದರ ಕಷ್ಟವೆಲ್ಲ ಪೀಪಾಯಿಯಲ್ಲೇ ಮುಗಿದಿರುತ್ತದೆ. ಅಮೆರಿಕದ ಕಾನೂನಿನಂತೆ ಧಾನ್ಯದಲ್ಲಿ ಶೇಕಡಾ 51ಕ್ಕೆ ಕಡಿಮೆಯಾಗದಂತೆ ಜೋಳ, ಅಂದರೆ ನಮ್ಮ ಮೆಕ್ಕೆಜೋಳ, ಇರಬೇಕು. ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಬೇಕು, ಬಣ್ಣ ಸೇರಿಸುವಂತಿಲ್ಲ. ಮರ ಸುಡುವಾಗ ಅದರ ಸಕ್ಕರೆಯಂಶ ಕರಟಿ ಬರುವ ರುಚಿಯೇ ಬಾಟಲಿಯಲ್ಲಿ ಸಿಗುವ ಕ್ಯಾರಮೆಲ್. ವೆನಿಲ್ಲಾ ಕೂಡ ಮರದ್ದೇ. ಬಾಟಲಿಗೆ ಇಳಿದ ಮೇಲೆ ಅದು ಹಳತಾಗುವುದಿಲ್ಲ, ಕೆಡುವುದೂ ಇಲ್ಲ. ಬಿಸಿಲು ತಾಗದಂತೆ ನೆಟ್ಟಗೆ ನಿಲ್ಲಿಸಿದರಾಯಿತು. ಮಲಗಿಸಿದರೆ ಬಿರಡೆ ಹಾಳು.

ಮೇಕರ್ಸ್ ಮಾರ್ಕ್‌ನಲ್ಲಿ ರೈ ಧಾನ್ಯದ ಬದಲು ಗೋಧಿ. ಮದ್ಯಸಾರ 45 ಶೇಕಡಾ ಇದ್ದರೂ ಗಂಟಲಲ್ಲಿ ಮೆತ್ತಗೆ, ಓಲೆಬೆಲ್ಲದ ಪಾಕ ಒಲೆಯಿಂದ ಇಳಿಸಿದಾಗಿನ ಪರಿಮಳ. ಕೆಂಪು ಮೇಣದ ಮುಚ್ಚಳ ಚಂದ, ತೆಗೆಯುವಾಗ ಚೂರು ಮೇಜಿನ ತುಂಬ. ವೈಲ್ಡ್ ಟರ್ಕಿ 101 ಅಂದರೆ 50.5 ಶೇಕಡಾ, ಅದರಲ್ಲಿ ರೈ ಉಂಟು, ಲವಂಗ-ಮೆಣಸಿನ ಖಾರ ಉಂಟು. ಒಂದು ಚಮಚ ನೀರು ಬೆರೆಸಿದರೆ ಮುಚ್ಚಿಕೊಂಡ ಪರಿಮಳವೆಲ್ಲ ಹೊರಗೆ ಬರುತ್ತದೆ. ನನಗೆ ಇದೇ ಪ್ರೀತಿ. ಜೊತೆಗೆ ಹುರಿದ ಗೇರುಬೀಜ ಸಾಕು. ಮಸಾಲೆ ಹಚ್ಚಿದ ಬಂಗುಡೆ ಬೇಡ ಮಾರಾಯ್ರೆ, ಮೀನೇ ಗೆಲ್ಲುತ್ತದೆ.

ಎರಡನ್ನೂ ಒಟ್ಟಿಗೆ ಸೇವಿಸುವ ಪದ್ಧತಿ ದೊಡ್ಡವರದು. ನನ್ನ ನಾಲಿಗೆಗೆ ಮಡೂರೋ ಮೂರನೇ ಒಂದು ಭಾಗ ಮುಗಿಯುವಷ್ಟರಲ್ಲಿ ಬರ್ಬನ್ ಬರೀ ಸಿಹಿನೀರಾಗುತ್ತದೆ.

ದುಡ್ಡಿನ ಲೆಕ್ಕ ಸುಲಭ. ಭಾವ ಕೊಟ್ಟ ದರದಲ್ಲಿ ಒಂದು ಲೀಟರ್ ಬರ್ಬನ್ನಿನ ಬೆಲೆಗೆ ಎರಡು ಮೂರು ಒಳ್ಳೆಯ ಸಿಗಾರ್ ಬರುತ್ತವೆ. ಸಿಗಾರೊಂದು ಮುಕ್ಕಾಲು ಗಂಟೆಯಲ್ಲಿ ಬೂದಿ, ಅದೂ ಜಗಲಿಯಲ್ಲಿ ಗಾಳಿ-ಮಳೆಯ ಎರಚಲಿಲ್ಲದ ಮುಕ್ಕಾಲು ಗಂಟೆ ಸಿಕ್ಕಿದರೆ. ಲೀಟರಿಗೆ 60 ಎಂ.ಎಲ್.ನಂತೆ ಹದಿನಾರು ಸಲ ಬರುತ್ತದೆ. ನಾನು ವಾರಕ್ಕೊಮ್ಮೆ, ಶನಿವಾರ ರಾತ್ರಿ ಊಟಕ್ಕೆ ಮೊದಲು ಕೂರುವವನು. ಒಂದು ಬಾಟಲಿ ಆರಾಮವಾಗಿ ಮಳೆಗಾಲ ದಾಟಿಸುತ್ತದೆ, ತಿಂಗಳ ಒಂದನೇ ತಾರೀಕು ಬೆವ್ಕೊ ಮುಚ್ಚಿದ್ದರೂ ಚಿಂತೆಯಿಲ್ಲ.

ಭಾವನಿಗೆ ಫೋನಿನಲ್ಲಿ ಹೇಳಿಯಾಗಿದೆ: ಮುಂದಿನ ಸಲ ಎರಡೂ ಲೀಟರ್ 101 ಇರಲಿ. ಸಿಗಾರ್ ತರುವುದಾದರೆ ಡಿಸೆಂಬರಿನಲ್ಲಿ ಬರುವಾಗ ಮಾತ್ರ, ಅದೂ ಅವರು ಇಲ್ಲಿರುವ ವಾರದಲ್ಲೇ ಇಬ್ಬರೂ ಸೇದಿ ಮುಗಿಸುವಷ್ಟು.