ಎರಡು ಭಾನುವಾರದ ಪ್ರಬಂಧ ಕ್ಲಾಸ್: ಮೊದಲನೆಯದು ಬಂಗಾರ, ಎರಡನೆಯದು ಸುಮ್ನೆ

ಕೋಲಾರದ ಒಂದು ಕೋಚಿಂಗ್ ಸೆಂಟರ್‌ನವರು ಪ್ರಬಂಧ ಬರೆಯುವುದಕ್ಕೆ ಅಂತಲೇ ಎರಡು ಭಾನುವಾರದ ಕ್ಲಾಸ್ ನಡೆಸುತ್ತಾರೆ. ಫೀಸು 800 ರೂಪಾಯಿ. ಹೆಸರು ಹೇಳಲ್ಲ, ಮುಂದೆ ಸ್ವಲ್ಪ ಬೈಯುವುದೂ ಇದೆ.

ಯುಪಿಎಸ್‌ಸಿ ಮೇನ್ಸ್‌ನಲ್ಲಿ 3 ಗಂಟೆಗೆ ಎರಡು ಪ್ರಬಂಧ, 250 ಅಂಕ. ನಾನು ಪೀಠಿಕೆಗೇ ಅರ್ಧ ಗಂಟೆ ಕಳೆಯುವ ಗಿರಾಕಿ. ‘ಭಾರತವು ಕೃಷಿ ಪ್ರಧಾನ ದೇಶ’ ಅಂತ ಬರೆಯುವುದು, ಹೊಡೆದುಹಾಕುವುದು, ಬೇರೆ ಏನೂ ಹೊಳೆಯದೆ ಮತ್ತೆ ಅದನ್ನೇ ಬರೆಯುವುದು.

ಮೊದಲ ದಿನ ಮೇಡಂ ಪಾಠವನ್ನೇ ಮಾಡಲಿಲ್ಲ. ಬೋರ್ಡಿನ ಮೇಲೆ ‘ಟೊಮ್ಯಾಟೊ’ ಅಂತ ಬರೆದರು. ಫೋನಿನಲ್ಲಿ ಹತ್ತು ನಿಮಿಷ ಟೈಮರ್ ಇಟ್ಟು, ಪೆನ್ನು ನಿಲ್ಲಿಸಬೇಡಿ, ಹೊಡೆದುಹಾಕಬೇಡಿ, ಏನೂ ತೋಚದಿದ್ದರೆ ‘ಏನೂ ತೋಚ್ತಿಲ್ಲ’ ಅಂತಲೇ ಬರೀರಿ ಅಂದರು. ಇದಕ್ಕೆ ಫ್ರೀ ರೈಟಿಂಗ್ ಅಂತಾರಂತೆ. ನಾನು ಮೂರು ಸಾಲು ‘ತೋಚ್ತಿಲ್ಲ’ ಅಂತಲೇ ಬರೆದೆ. ನಾಲ್ಕನೇ ಸಾಲಿಗೆ 2023ರ ಜುಲೈ ನೆನಪಾಯಿತು. ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆಗ ನಮ್ಮ ಚಿಕ್ಕಪ್ಪ ಕಳ್ಳರ ಭಯಕ್ಕೆ ತೋಟದಲ್ಲೇ ಮಂಚ ಹಾಕಿಕೊಂಡು ಮಲಗುತ್ತಿದ್ದರು. ಅದೇ ಚಿಕ್ಕಪ್ಪ ಇನ್ನೊಂದು ವರ್ಷ ಬಾಡಿಗೆಯೂ ಗಿಟ್ಟಲ್ಲ ಅಂತ ಹಣ್ಣನ್ನು ರಸ್ತೆ ಬದಿಗೆ ಸುರಿದು ಬಂದಿದ್ದರು. ಪೀಠಿಕೆ ಅಲ್ಲೇ ಇತ್ತು!

ಆಮೇಲೆ ಕ್ಯೂಬಿಂಗ್. ದಾಳಕ್ಕೆ ಆರು ಮುಖ ಇದ್ದಹಾಗೆ ಒಂದೇ ವಿಷಯವನ್ನು ಆರು ಕಡೆಯಿಂದ ನೋಡುವುದು: ಹೇಗಿದೆ, ಯಾವುದರ ಹಾಗಿದೆ, ಏನು ನೆನಪಿಗೆ ತರುತ್ತದೆ, ಬಿಡಿಸಿದರೆ ಒಳಗೇನಿದೆ, ಯಾವ ಕೆಲಸಕ್ಕೆ ಬರುತ್ತದೆ, ಕೊನೆಗೆ ಪರವೋ ವಿರೋಧವೋ. ಹೋಲಿಕೆಯಲ್ಲಿ ನಾನು ಶ್ರೀನಿವಾಸಪುರದ ಮಾವನ್ನು ಹಿಡಿದೆ. ರೇಟು ಬಿದ್ದರೂ ಮಾವಿನ ಮರ ಮುಂದಿನ ವರ್ಷಕ್ಕೆ ನಿಂತಿರುತ್ತದೆ, ಟೊಮ್ಯಾಟೊ ಗಿಡ ಸಾಲ ಉಳಿಸಿ ಒಣಗುತ್ತದೆ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ, ನಿಜ.

ಎರಡನೇ ಭಾನುವಾರ ಬೇರೆ ಮೇಷ್ಟ್ರು. ಬರೆದದ್ದನ್ನು ಜೋಡಿಸುವುದು ಹೇಗೆ ಅಂತ ವಿಷಯ, ಆದರೆ ನಡೆದದ್ದು ಸ್ಲೈಡ್ ಓದುವುದು. ಮಧ್ಯೆ ಕರೆಂಟ್ ಬೇರೆ ಹೋಯಿತು. ವಿಚಾರಗಳನ್ನು ಮರದ ಕೊಂಬೆಗಳ ಹಾಗೆ ಬಿಡಿಸುವ ಮೈಂಡ್ ಮ್ಯಾಪ್‌ಗೆ ಅಂತ ಅವರ ಹತ್ತಿರವೇ 120 ರೂಪಾಯಿಯ ಸ್ಕೆಚ್ ಪೆನ್ ಕೊಳ್ಳಬೇಕಂತೆ. ಪರೀಕ್ಷೆ ಹಾಲ್‌ನಲ್ಲಿ ಐದು ಬಣ್ಣದಲ್ಲಿ ಕೊಂಬೆ ಬಿಡಿಸುತ್ತಾ ಕೂರಲು ಆಗುತ್ತಾ? ಮಧ್ಯದಲ್ಲಿ ವಿಷಯ ಬರೆದು ಸುತ್ತ ಗೆರೆ ಎಳೆಯುವುದಕ್ಕೆ ಒಂದು ಪೆನ್ನು ಸಾಕಲ್ವಾ?

ನಾನು ಮನೆಗೆ ಬಂದು ಬೇರೆ ಥರ ಮಾಡಿದೆ. ಆ ಹತ್ತು ನಿಮಿಷದ ಹಾಳೆಯನ್ನು ಕತ್ತರಿಸಿ, ಒಂದೊಂದು ವಿಚಾರಕ್ಕೆ ಒಂದೊಂದು ಚೀಟಿ ಮಾಡಿ, ಚಾಪೆ ಮೇಲೆ ಹರಡಿ ಗುಂಪು ಮಾಡಿದೆ. ಬೆಲೆ ಒಂದು ಗುಂಪು, ನೀರು ಒಂದು, ದಲ್ಲಾಳಿ ಒಂದು. ಯಾವ ಗುಂಪಿಗೂ ಸೇರದ ಚೀಟಿ ಬುಟ್ಟಿಗೆ. ಅಮ್ಮ ಬಂದು ನೋಡಿ, ‘ಏನೋ, ಓದೋದು ಬಿಟ್ಟು ಚೀಟಿ ವ್ಯವಹಾರ ಶುರು ಮಾಡಿದ್ಯಾ?’ ಅಂದರು.

ತಂಗಿಯನ್ನು ಮೊದಲ ಭಾನುವಾರಕ್ಕೆ ಮಾತ್ರ ಸೇರಿಸೋಣ ಅಂತ ನಿನ್ನೆ ಫೋನ್ ಮಾಡಿದ್ದೆ. ಹಾಗೆಲ್ಲ ಬಿಡಿಯಾಗಿ ಕೊಡಲ್ಲ ಸಾರ್, ಎರಡೂ ಸೇರಿಯೇ 800 ಅಂದರು.