ಅಕ್ರಿಲಿಕ್ ಅಕ್ವೇರಿಯಂ ಜೋಡಿಸಲು ಯಾವುದು ಸೂಕ್ತ: ಸಿಲಿಕೋನ್, ತೆಳು ಸಾಲ್ವೆಂಟ್ ಅಥವಾ ಎರಡು ಭಾಗದ ಸಿಮೆಂಟ್?

ಮೊದಲ ಬಾರಿಗೆ ಮನೆಯಲ್ಲೇ ಅಕ್ರಿಲಿಕ್ ಅಕ್ವೇರಿಯಂ ಕಟ್ಟಲು ಹೊರಟವರು ಹಾಳೆಗಳನ್ನು ಯಾವುದರಿಂದ ಅಂಟಿಸಬೇಕೆಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಿಕೊಳ್ಳಬೇಕು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಮತ್ತು 30 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ 54 ಲೀಟರ್ ನೀರು, ಅಂದರೆ 54 ಕಿಲೋ ಭಾರ, ನಿಲ್ಲುತ್ತದೆ. ಆದ್ದರಿಂದ ತೊಟ್ಟಿಗೆ ಕೈಹಾಕುವ ಮುನ್ನ ಮೂರು ಬಗೆಯ ಅಂಟುಗಳನ್ನೂ ಉಳಿಕೆ ತುಂಡುಗಳ ಮೇಲೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಮುರಿದು ನೋಡಿದೆ.

ಸಿಲಿಕೋನ್ ಈ ಕೆಲಸಕ್ಕೆ ಸಲ್ಲದು. ಬ್ಲೇಡಿನ ತುದಿಯಿಂದ ಒಂದು ಮೂಲೆಯನ್ನು ಎಬ್ಬಿಸಿ ಎಳೆದಾಗ ಅಷ್ಟೂ ಉದ್ದದ ಪಟ್ಟಿ ಸಲೀಸಾಗಿ ಸುಲಿದು ಬಂದು, ಅಕ್ರಿಲಿಕ್ ಮೇಲೆ ಗುರುತೂ ಉಳಿಯಲಿಲ್ಲ. ಗಾಜನ್ನು ಬಿಗಿಯಾಗಿ ಹಿಡಿಯುವ ಸಿಲಿಕೋನ್ ಈ ಪ್ಲಾಸ್ಟಿಕ್ಕಿನೊಂದಿಗೆ ಅಂಥ ನಂಟನ್ನು ಬೆಳೆಸುವುದಿಲ್ಲ. ಜೊತೆಗೆ ಅಕ್ರಿಲಿಕ್ ಗಾಜಿಗಿಂತ ಹೆಚ್ಚು ಬಾಗುತ್ತದೆ, ಬಿಸಿಗೆ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ.

ತೆಳು ಸಾಲ್ವೆಂಟ್ ಕೆಲಸ ಮಾಡುವ ರೀತಿಯೇ ಬೇರೆ. ಡೈಕ್ಲೋರೋಮೀಥೇನ್‌ನಂಥ ದ್ರಾವಕ ಎರಡೂ ಹಾಳೆಗಳ ಮೇಲ್ಮೈಯನ್ನು ಕರಗಿಸುತ್ತದೆ, ಕರಗಿದ ಪದರಗಳು ಒಂದರೊಳಗೊಂದು ಬೆರೆಯುತ್ತವೆ, ದ್ರಾವಕ ಆರಿದ ಮೇಲೆ ಎರಡು ಹಾಳೆಗಳು ಒಂದೇ ತುಂಡಾಗಿ ನಿಲ್ಲುತ್ತವೆ. ನಾನು ಅನುಸರಿಸಿದ್ದು ಗುಂಡುಸೂಜಿಯ ವಿಧಾನ: ನಿಲ್ಲಿಸಿದ ಹಾಳೆಯ ಅಂಚಿನಡಿ ತೆಳುವಾದ ಗುಂಡುಸೂಜಿಗಳನ್ನು ಸಾಲಾಗಿ ಇಟ್ಟು, ಸಿರಿಂಜಿನಿಂದ ದ್ರಾವಕವನ್ನು ಸಂದಿಯುದ್ದಕ್ಕೂ ಹರಿಸಿ, ಅಂಚು ಮೆದುವಾಗಲು ಅರ್ಧ ನಿಮಿಷಕ್ಕೂ ತುಸು ಹೆಚ್ಚು ಕಾದು, ಒಂದೊಂದೇ ಸೂಜಿಯನ್ನು ಎಳೆದು ತೆಗೆಯುವುದು. ಸೂಜಿ ಹೊರಬಂದೊಡನೆ ಹಾಳೆ ತನ್ನ ಭಾರಕ್ಕೇ ಕೆಳಗಿಳಿದು ಕೂರುತ್ತದೆ, ಬಿಳಿಚಿಕೊಂಡಿದ್ದ ಸಂದಿ ನೋಡನೋಡುತ್ತಲೇ ತಿಳಿಯಾಗುತ್ತದೆ. ಈ ತುಂಡನ್ನು ಬಲವಾಗಿ ಬಾಗಿಸಿದಾಗ ಮುರಿದದ್ದು ಹಾಳೆಯೇ ಹೊರತು ಜೋಡಣೆಯಲ್ಲ.

ಆದರೆ ನೀರಿನಷ್ಟು ತೆಳುವಾದ ಈ ದ್ರವ ಸಂದಿಯನ್ನು ತುಂಬಲಾರದು. ಹೀಗಾಗಿ ಅಂಟಿನ ಆಯ್ಕೆಗಿಂತ ಅಂಚಿನ ತಯಾರಿಯೇ ದೊಡ್ಡ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ. ಗರಗಸದ ಗೆರೆಗಳು ಉಳಿದ ಅಂಚಿನಲ್ಲಿ ಗುಳ್ಳೆಗಳು ಸಾಲುಗಟ್ಟಿದವು. ರೌಟರ್‌ನಿಂದ, ಅಂದರೆ ವೇಗವಾಗಿ ತಿರುಗುವ ಅಲಗಿನಿಂದ ಅಂಚನ್ನು ಹೆರೆಯುವ ಯಂತ್ರದಿಂದ, ಸಮ ಮಾಡಿದ ಅಂಚಿನಲ್ಲಿ ಹುಡುಕಿದರೂ ಒಂದೆರಡು ಸಿಗುವುದು ಕಷ್ಟವಾಗಿತ್ತು. ಹೊಳಪಿಗಾಗಿ ಬೆಂಕಿಯ ಜ್ವಾಲೆ ತಾಗಿಸಿದ ಅಂಚನ್ನಂತೂ ಅಂಟಿಸಲೇಬಾರದು, ಏಕೆಂದರೆ ಶಾಖದಿಂದ ಒಳಗೆ ಉಳಿದ ಬಿಗಿತ ದ್ರಾವಕ ಸೋಕಿದೊಡನೆ ಕೂದಲೆಳೆಯಂಥ ಬಿರುಕುಗಳಾಗಿ ಹೊರಬೀಳುತ್ತದೆ. ಎಕ್ಸ್‌ಟ್ರೂಡೆಡ್ ಹಾಳೆಗೂ (ಕರಗಿಸಿ ಯಂತ್ರದಿಂದ ಒತ್ತಿ ತೆಗೆದದ್ದು) ಇದೇ ದೌರ್ಬಲ್ಯವಿರುವುದರಿಂದ ಅಕ್ವೇರಿಯಂಗೆ ಕ್ಯಾಸ್ಟ್ ಹಾಳೆಯನ್ನೇ (ಅಚ್ಚಿನಲ್ಲಿ ಸುರಿದು ಗಟ್ಟಿಯಾಗಿಸಿದ್ದು) ಕೊಳ್ಳಬೇಕು. ಈ ದ್ರಾವಕದ ಆವಿ ಆರೋಗ್ಯಕ್ಕೆ ಹಾನಿಕರ. ಗಾಳಿ ಚೆನ್ನಾಗಿ ಆಡುವ ಜಾಗದಲ್ಲಷ್ಟೇ ಅದನ್ನು ಬಳಸಬೇಕು.

ಎರಡು ಭಾಗದ ಸಿಮೆಂಟ್, ಅಂದರೆ ಎರಡು ಘಟಕಗಳನ್ನು ಬಳಸುವ ಮುನ್ನ ಬೆರೆಸಿಕೊಳ್ಳುವ ಅಕ್ರಿಲಿಕ್ ಅಂಟು, ಸಂದಿಯನ್ನು ತುಂಬುತ್ತದೆ, ಬೆರೆಸಿದ ಮೇಲೆ ತಾನೇ ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ, ಬಲದಲ್ಲೂ ಹಿಂದೆ ಬೀಳುವುದಿಲ್ಲ. ಆದರೂ ಅಳತೆ ತಪ್ಪದಂತೆ ಬೆರೆಸುವುದು, ಮಿಶ್ರಣದೊಳಗಿನ ಗುಳ್ಳೆಗಳು ಹೋಗುವವರೆಗೆ ಕಾಯುವುದು, ಅದು ಬಿಗಿಯುವಷ್ಟರಲ್ಲಿ ಸುರಿದು ಮುಗಿಸುವುದು, ಹೊರಗೆ ಹರಿಯದಂತೆ ಮೊದಲೇ ಟೇಪ್ ಅಂಟಿಸಿಡುವುದು, ಇಷ್ಟನ್ನೂ ಒಟ್ಟಿಗೆ ನಿಭಾಯಿಸುವುದು ಹೊಸಬರಿಗೆ ಹೊರೆಯಾಗುತ್ತದೆ. ದಪ್ಪ ಹಾಳೆಯ ದೊಡ್ಡ ತೊಟ್ಟಿಗೆ ಈ ಶ್ರಮ ಸಾರ್ಥಕ.

ನನ್ನ ತೊಟ್ಟಿಗೆ ತೆಳು ಸಾಲ್ವೆಂಟನ್ನೇ ಆರಿಸಿದೆ. ಗೋಡೆಗಳ ಮೇಲಿನ ಒತ್ತಡ ತೊಟ್ಟಿಯ ಉದ್ದವನ್ನಲ್ಲ, ನೀರಿನ ಎತ್ತರವನ್ನು ಅವಲಂಬಿಸುತ್ತದೆ. ಆದರೆ ಉದ್ದ ಹೆಚ್ಚಿದಷ್ಟೂ ಹಾಳೆ ನಡುವೆ ಹೊರಕ್ಕೆ ಉಬ್ಬುವುದರಿಂದ ಮೇಲಂಚಿನ ಸುತ್ತ ಅಕ್ರಿಲಿಕ್ ಪಟ್ಟಿಯ ಚೌಕಟ್ಟನ್ನು ಕೂಡಿಸಿದೆ. ಜೋಡಣೆ ಕೆಲವೇ ನಿಮಿಷಗಳಲ್ಲಿ ಕೈಗೆ ಗಟ್ಟಿಯೆನಿಸಿದರೂ ಪೂರ್ಣ ಬಲ ಬರಲು ದಿನಗಳೇ ಬೇಕು. ಆ ಬಳಿಕವೇ, ತಳ ಪೂರ್ತಿಯಾಗಿ ಊರುವ ಸಮತಟ್ಟಾದ ಹಲಗೆಯ ಮೇಲಿಟ್ಟು, ಹಂತಹಂತವಾಗಿ ನೀರು ತುಂಬಿ ಸೋರಿಕೆಯನ್ನು ಪರೀಕ್ಷಿಸಬೇಕು.